ಹಿತ್ತಲ ಗುಂಡಿಯೊಳಗಿನ ಜೋಡಿ

ಜಪಾನಲ್ಲಿ ವೈಟೂಕೆ ಕಂಪ್ಯೂಟರ್ ಕೆಲಸ ಮುಗಿದ ಖುಷೀಲಿ ನಮ್ಮ ಟೀಮಿನ ಮೋರಿ ಸಾನ್ ನನ್ನನ್ನ ಕನಜಾವಾ ಊರಲ್ಲಿರೋ ತಮ್ಮ ಅಜ್ಜಿ ಮನೆಗೆ ಕರ್ಕೊಂಡು ಹೋದ್ರು. ಯಾಕೆ ಗೊತ್ತಾ? ಹಿತ್ತಲಿನ ಹಳೇ ಕಕ್ಕಸು ಗುಂಡಿ ಅಗೆಯೋಕೆ! ಅಂಥ ಗುಂಡೀಲಿ ಹಳೇ ಬಾಟ್ಲಿ, ಪಿಂಗಾಣಿ ಎಲ್ಲ ಸಿಗುತ್ತಂತೆ, ಅವರಿಗೆ ಅದೇ ಹುಚ್ಚು. "ಮುಚ್ಚಿ ಎಷ್ಟೋ ಕಾಲ ಆಯ್ತು, ಈಗ ಬರೀ ಮಣ್ಣು" ಅಂದ್ರು. ಆದ್ರೂ ನಾನು ಎರಡೆರಡು ಗ್ಲೌಸ್ ಹಾಕಿ, ಮೂಗಿಗೆ ಕರ್ಚೀಫ್ ಕಟ್ಕೊಂಡೇ ಇಳಿದೆ.

ತಳದಲ್ಲಿ ಎರಡು ಪುಟ್ಟ ಮಣ್ಣಿನ ಗೊಂಬೆ ಸಿಕ್ತು, ಗಂಡ ಹೆಂಡ್ತಿ ಥರ. "ಆಂಟಿಕ್, ಮೋರಿ ಸಾನ್, ಆಂಟಿಕ್!" ಅಂತ ಕಿರುಚಿದೆ. ಮೇಲೆ ನಿಂತಿದ್ದ ಅಜ್ಜಿ ಮುಖ ಬಿಳಿಚಿಕೊಳ್ತು. ಮೆಲ್ಲಗೆ ಏನೋ ಹೇಳಿದ್ರು. ಮೋರಿ ಸಾನ್ ಗುದ್ದಲಿ ಕೆಳಗಿಟ್ಟು ಇಂಗ್ಲಿಷಲ್ಲಿ ಹೇಳಿದ್ರು: "ಅದು ಕಕ್ಕಸಿನ ದೇವರಂತೆ. ಬಸುರೀರನ್ನ ಕಾಯುತ್ತಂತೆ. ಮನೆ ಸೊಸೆಗೆ ದಿನ ತುಂಬಿರೋವಾಗ ಯಾಕೆ ಎಬ್ಬಿಸ್ತೀರಿ ಅಂತಿದ್ದಾರೆ."

ಆ ಸೊಸೆ ಅಂದ್ರೆ ಮೋರಿ ಸಾನ್ ಹೆಂಡ್ತಿ, ಒಳಗೆ ಮಲಗಿದ್ರು. ಅವರ ಮೊದಲ ಮಗು ಉಳಿದಿರಲಿಲ್ಲ, ಅದು ನಂಗೂ ಗೊತ್ತಿತ್ತು.

ನಾನು ಗ್ಲೌಸು, ಶೂ ಎಲ್ಲ ಬಿಚ್ಚಿ, ಆ ಗುಂಡೀಲೇ ಬರಿಗಾಲಲ್ಲಿ ನಿಂತು, ಗೊಂಬೆಗಳನ್ನ ಮೊದಲಿದ್ದ ಹಾಗೇ ಕೂರಿಸಿ ಕೈ ಮುಗಿದೆ. ಅಜ್ಜಿ ಒಂದು ಹಿಡಿ ಮಣ್ಣು ಹಾಕಿ "ಸುಮಿಮಾಸೆನ್" ಅಂದ್ರು, ಕ್ಷಮೆ ಕೇಳೋ ಹಾಗೆ. ನಂಗಲ್ಲ, ಗೊಂಬೆಗಳಿಗೆ.

ತಾಯಿ ಮಗು ಚೆನ್ನಾಗಿದ್ದಾರೆ ಅಂತ ಸುದ್ದಿ ಬಂದ ದಿನವೇ ಅಮ್ಮ ಫೋನಲ್ಲಿ ಕೇಳಿದ್ರು, "ಅಲ್ಲಿ ದೇವಸ್ಥಾನಕ್ಕೆಲ್ಲ ಹೋಗ್ತೀಯೇನೋ?" ಹೋಗಿದ್ದೆ ಅಂದೆ. ಯಾವ ದೇವರು ಅಂತ ಅವರು ಕೇಳಲಿಲ್ಲ, ಸದ್ಯ!