ಶುಕ್ರವಾರದ ಒದ್ದೆ ಮೆಟ್ಟಿಲು

ಅನುಮಾನ ನನ್ನ ಹುಟ್ಟುಗುಣ. ತರಕಾರಿಯವನು ನಕ್ಕರೆ ಮೊದಲು ತಕ್ಕಡಿ ನೋಡುವವಳು ನಾನು. ಉಡುಪಿಯಿಂದ ಸಿಡ್ನಿಗೆ ಬಂದು ಇಷ್ಟು ವರ್ಷವಾದರೂ ಆ ಗುಣ ಬಿಟ್ಟಿಲ್ಲ. ಆದರೆ ಆ ಒಂದು ಶುಕ್ರವಾರದ ನಂತರ ಏಳು ತಿಂಗಳು ನಾನು ಅನುಮಾನಿಸಿದ್ದು ಈ ದೇಶದಲ್ಲಿ ನನಗಿದ್ದ ಒಬ್ಬಳೇ ಗೆಳತಿಯನ್ನು.

ಟೂಂಗಾಬಿ ಬಡಾವಣೆಯ ನಮ್ಮ ಮನೆಯ ಮುಂದೆ ಮೂರು ಮೆಟ್ಟಿಲುಗಳಿವೆ. ಹಳೆಯ ಮಾಲೀಕ ಹಾಕಿಸಿದ ನುಣುಪು ಟೈಲ್ಸ್. ಶುಕ್ರವಾರ ಬೆಳಿಗ್ಗೆ ಅವನ್ನು ನೀರು ಹಾಕಿ ತೊಳೆದು, ಇನ್ನೂ ಒದ್ದೆ ಇರುವಾಗಲೇ ಮೇಲಿನ ಮೆಟ್ಟಿಲಿಗೆ ರಂಗೋಲಿ ಬಿಡಿಸುವುದು ನನ್ನ ಅಭ್ಯಾಸ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಬೋರ್ಡಿಲ್ಲ, ಬಿಲ್ಲಿಲ್ಲ. ಬಟ್ಟೆ ಒಯ್ಯಲು ಬಂದವರಿಗೆ ಕಾಫಿ ಕೊಟ್ಟು, ಹೊರಡುವಾಗ ಕುಂಕುಮ ಕೊಡುತ್ತೇನೆ. ಅವರು ಹೊಲಿಗೆಯ ದುಡ್ಡನ್ನು ಕುಂಕುಮದ ತಟ್ಟೆಯ ಕೆಳಗೆ ಸದ್ದಿಲ್ಲದೆ ಇಟ್ಟು ಹೋಗುತ್ತಾರೆ. ಕೈಗೆ ಕೊಟ್ಟರೆ ಅವರಿಗೂ ಮುಜುಗರ, ನನಗೂ ಮುಜುಗರ. ಯಾರು ಗಿರಾಕಿ, ಯಾರು ನೆಂಟರು ಎಂದು ನಾವು ಯಾವತ್ತೂ ಬೇರೆ ಮಾಡಿದವರೇ ಅಲ್ಲ.

ನನ್ನ ಗೆಳತಿ ಮೈಸೂರಿನವಳು. ಎರಡು ರಸ್ತೆ ಆಚೆ ಬಾಡಿಗೆ ಮನೆ. ವೇರ್‌ಹೌಸ್ ಒಂದರಲ್ಲಿ ಪ್ಯಾಕಿಂಗ್ ಕೆಲಸ, ಅದೂ ಕ್ಯಾಶುವಲ್: ಹೋದ ದಿನ ಸಂಬಳ, ಹೋಗದ ದಿನ ಇಲ್ಲ. ಆರು ವರ್ಷದಿಂದ ಅವಳ ಬ್ಲೌಸ್‌ಗಳೆಲ್ಲ ನನ್ನ ಕೈಯವೇ. ಆ ಶುಕ್ರವಾರ ಅವಳು ಬಂದದ್ದು ಒಂದು ಹಸಿರು ರೇಷ್ಮೆ ಬ್ಲೌಸಿಗೆ. ಮಗಳು ಹಟ ಹಿಡಿದಳೆಂದು ಮೊದಲ ಸಲ ಹುಕ್ಕು ಬೆನ್ನಿನ ಕಡೆ ಇಡಿಸಿದ್ದಳು.

ಚಪ್ಪಲಿಯನ್ನು ಕೆಳಗೇ ಬಿಟ್ಟಳು. ನಾನು ಆವತ್ತು ರಂಗೋಲಿಯನ್ನು ಮೆಟ್ಟಿಲ ತುಂಬ ಎಳೆದಿದ್ದೆ. ಬೇರೆ ಯಾರಾದರೂ ಅದನ್ನು ತುಳಿದುಕೊಂಡೇ ಒಳಗೆ ಬರುತ್ತಿದ್ದರು. ಇವಳು ಸೀರೆ ಎತ್ತಿ ಹಿಡಿದು, ರಂಗೋಲಿ ತುಳಿಯಬಾರದೆಂದು ಅಂಚಿನ ಮೇಲೆ ದೊಡ್ಡ ಹೆಜ್ಜೆ ಇಟ್ಟಳು. ಅಂಚು ಒದ್ದೆಯಾಗಿತ್ತು, ಕಾಲು ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು, ಭುಜದ ಕೀಲು ತಪ್ಪಿತು.

ಆಂಬ್ಯುಲೆನ್ಸ್ ಹೊರಟಾಗ ಅವಳ ಗಂಡ ಓಡಿ ಬಂದ. ಬಂದವನು ಫೋನ್ ತೆಗೆದು ಮೆಟ್ಟಿಲಿನ ಫೋಟೋ ತೆಗೆದ. ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು. ಹೆಂಡತಿಯ ಕೈ ಮುರಿದಿದೆ, ಇವನಿಗೆ ಫೋಟೋ ಎಂತಕ್ಕೆ? ನನ್ನ ತಲೆಯೊಳಗೆ ಅನುಮಾನದ ಹುಳ ಹೊಕ್ಕದ್ದು ಆಗ.

ನನ್ನ ಗಂಡ ಮನೆಯ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದರು. ಮನೆಗೆ ಬಂದ ಅತಿಥಿಗೆ ನಮ್ಮ ತಪ್ಪಿನಿಂದ ಪೆಟ್ಟಾದರೆ, ಆಕೆ ಪರಿಹಾರ ಕೇಳಿದರೆ, ನಮ್ಮ ಪರವಾಗಿ ಕಂಪನಿ ಕೊಡುತ್ತದಂತೆ. ಲಯಬಿಲಿಟಿ ಕವರ್ ಎಂದು ಅದಕ್ಕೆ ಹೆಸರು. "ಆದರೆ ತಪ್ಪು ನಿಮ್ಮದು ಅಂತ ಎಲ್ಲೂ ಒಪ್ಪಿಕೊಳ್ಳಬೇಡಿ" ಎಂದನಂತೆ ಆ ಕಡೆಯವನು. ಅಷ್ಟೇ ಅಂದದ್ದು. ಅವಳ ಮುಖ ನೋಡಬಾರದು ಎಂದು ಅವನು ಹೇಳಿರಲಿಲ್ಲ, ಅದನ್ನು ನಾನೇ ಸೇರಿಸಿಕೊಂಡೆ.

ಆಸ್ಪತ್ರೆಗೆ ಹೋಗಲಿಲ್ಲ. ಮೆಣಸಿನ ಸಾರು ಮಾಡಿ ಡಬ್ಬಿಗೆ ತುಂಬಿಸಿದೆ. ಸಾರು ಕಳಿಸಿದರೆ ಅದೂ ತಪ್ಪೊಪ್ಪಿಗೆ ಆದೀತೋ ಎಂದು ಹೆದರಿ ನಾವೇ ಉಂಡೆವು. ಅವಳು ಎರಡು ಸಲ ಫೋನ್ ಮಾಡಿದಳು. ಫೋನ್ ಅದರಷ್ಟಕ್ಕೆ ಬಡಿದುಕೊಂಡು ನಿಂತಿತು. ರೆಕಾರ್ಡ್ ಮಾಡಿಕೊಳ್ಳಲು ಮಾಡುತ್ತಿದ್ದಾಳೆ ಎಂದು ನನಗೆ ಖಾತ್ರಿಯಿತ್ತು.

ಎರಡು ತಿಂಗಳ ಮೇಲೆ ಪ್ಯಾರಮಟ್ಟಾದ ಲಾಯರ್ ಒಬ್ಬರಿಂದ ಕಾಗದ ಬಂತು. ಕೆಲಸ ಹೋಗಿದೆ, ಪಾತ್ರೆ ಎತ್ತಲಾಗುತ್ತಿಲ್ಲ, ಕೈ ಹಿಂದಕ್ಕೆ ತಂದು ಬಟ್ಟೆಯ ಹುಕ್ಕು ಹಾಕಿಕೊಳ್ಳಲಾಗುತ್ತಿಲ್ಲ, ಪರಿಹಾರ ಕೊಡಿ. ಹುಕ್ಕಿನ ಸಾಲು ಓದಿ ನನಗೆ ಮೈ ಉರಿಯಿತು. ಇವಳ ಬೆನ್ನಿನ ಹುಕ್ಕಿನ ಬ್ಲೌಸ್ ಇನ್ನೂ ನನ್ನ ಕಪಾಟಿನಲ್ಲೇ ನೇತಾಡುತ್ತಿದೆ, ಹಾಕಿಯೇ ನೋಡಿಲ್ಲ, ಆಗಲೇ ದೂರು.

"ಒಂದ್ಸಲ ಅವಳ ಹತ್ರವೇ ಕೇಳು ಮಾರಾಯ್ತಿ" ಎಂದರು ಗಂಡ.

"ಕೇಳುವುದೆಂತ? ಅವಳಿಗೆ ಬೇಕಾದ್ದು ನಮ್ಮ ಮನೆ. ಮಾರ್ಟ್‌ಗೇಜ್ ನಾವು ಕಟ್ಟಬೇಕು, ಮನೆ ಅವಳಿಗೆ ಹೋಗಬೇಕು."

ಕಂಪನಿಯಿಂದ ವಿಚಾರಣೆಗೆ ಒಬ್ಬ ಬಂದ. ಅವನು ಬರುವ ಮೊದಲು ಹೊಲಿಗೆ ಮೆಷಿನ್ನನ್ನು ಗ್ಯಾರೇಜಿಗೆ ಸಾಗಿಸಿ ಬೆಡ್‌ಶೀಟ್ ಮುಚ್ಚಿದ್ದೆ. ಯಾಕೆಂದರೆ ಪಾಲಿಸಿಯ ಸಣ್ಣ ಅಕ್ಷರಗಳನ್ನು ಅಷ್ಟು ಹೊತ್ತಿಗೆ ಓದಿದ್ದೆ. ಅತಿಥಿ ಬಿದ್ದರೆ ಮನೆಯ ಪಾಲಿಸಿ ಸಾಕು. ವ್ಯಾಪಾರಕ್ಕೆ ಬಂದ ಗಿರಾಕಿ ಬಿದ್ದರೆ ಅದು ನಡೆಯುವುದಿಲ್ಲ, ವ್ಯಾಪಾರದವರು ಮಾಡಿಸುವ ಪಬ್ಲಿಕ್ ಲಯಬಿಲಿಟಿ ಬೇರೆಯೇ ಬೇಕು. ನಾಲ್ಕು ಬ್ಲೌಸ್ ಹೊಲಿಯುವವಳಿಗೆ ಅದೆಲ್ಲ ಎಂತಕ್ಕೆ ಎಂದುಕೊಂಡು ನಾನು ಮಾಡಿಸಿರಲಿಲ್ಲ.

"ಚಿತ್ರವನ್ನು ತುಳಿದುಕೊಂಡು ಬರಬಹುದಿತ್ತಲ್ಲ?" ಎಂದು ಅವನು ಕೇಳಿದ. ತುಳಿಯಬಾರದು ಎಂದೆ. ಅದನ್ನು ತುಂಬ ಹೊತ್ತು ಬರೆದುಕೊಂಡ. ಆಮೇಲೆ ಕೇಳಿದ, "ಆಕೆ ಬಂದದ್ದು ಯಾತಕ್ಕೆ?"

"ಕುಂಕುಮಕ್ಕೆ. ಅತಿಥಿಯಾಗಿ. ಬೇರೆ ಯಾವ ಕೆಲಸವೂ ಇರಲಿಲ್ಲ."

ಏಳುವಾಗ ಅವನ ಪ್ಯಾಂಟಿಗೆ ಒಂದು ಹಸಿರು ದಾರ ಅಂಟಿತ್ತು. ಅದನ್ನು ಬಿಡಿಸಿ ಟೇಬಲ್ ಮೇಲಿಟ್ಟ.

ಕೆಲವು ವಾರಗಳ ನಂತರ ಕಂಪನಿ ಕೈ ಎತ್ತಿತು. ಗೆಳತಿ ತನ್ನ ಹೇಳಿಕೆಯಲ್ಲಿ ಬ್ಲೌಸ್ ಒಯ್ಯಲು ಬಂದಿದ್ದೆ, ಹೊಲಿಗೆಯ ದುಡ್ಡು ಪರ್ಸಿನಲ್ಲಿತ್ತು, ಕುಂಕುಮವನ್ನೂ ತೆಗೆದುಕೊಂಡು ಹೋಗುವವಳಿದ್ದೆ ಎಂದಿದ್ದಳು. ನನ್ನ ಮಾತು ಸುಳ್ಳೆಂದಾಯಿತು. "ನೋಡಿದಿರಾ? ಕುತ್ತಿಗೆ ಕೊಯ್ದಳು" ಎಂದೆ ಗಂಡನಿಗೆ. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಭಯಕ್ಕಿಂತ ಹೆಚ್ಚಾಗಿ ನನ್ನ ಅನುಮಾನವೇ ಗೆದ್ದ ಖುಷಿಯಿತ್ತು. ಭಯ ಆಮೇಲೆ ಬಂತು. ಇನ್ನು ಅವಳು ಕೇಳುವುದೆಲ್ಲ ನಮ್ಮ ಮನೆಯ ಮೇಲೆಯೇ.

ಅವಳ ಲಾಯರ್ ಕಡೆಯಿಂದ ಮತ್ತೊಂದು ಕಾಗದ ಬಂದಾಗ ಒಡೆಯುವ ಧೈರ್ಯವಾಗಲಿಲ್ಲ. ಪ್ಯಾರಮಟ್ಟಾದಲ್ಲಿ ಬಿಟ್ಟಿಯಾಗಿ ಕಾನೂನು ಸಲಹೆ ಕೊಡುವ ಕಡೆ ಹಾಗೆಯೇ ಒಯ್ದೆ. ಅಲ್ಲಿದ್ದ ನರೆತ ಕೂದಲಿನ ಹೆಂಗಸು ಒಡೆದು ಓದಿದಳು.

"ಕ್ಲೇಮ್ ವಾಪಸ್ ತೆಗೆದುಕೊಂಡಿದ್ದಾರೆ. ಇನ್ಶೂರೆನ್ಸ್ ಕೊಡುವುದಿಲ್ಲವಾದರೆ ನಿಮ್ಮ ಸ್ವಂತ ಮನೆಯಿಂದ ಆಕೆಗೆ ಏನೂ ಬೇಡವಂತೆ."

ನಾನು ಆ ಕಾಗದವನ್ನು ಕಸಿದು ಮೂರು ಸಲ ಓದಿದೆ, ಎಲ್ಲಿ ಮೋಸ ಇದೆಯೋ ಎಂದು.

"ಆಕೆಗೆ ಒಂದು ಸಾರಿಯಾದರೂ ಹೇಳಿದಿರಾ?" ಎಂದಳು ಅವಳು.

"ಹೇಳಬಾರದಲ್ಲ. ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ."

"ಇಲ್ಲ. ನಮ್ಮ ರಾಜ್ಯದ ಕಾನೂನಿನಲ್ಲಿ ಸಾರಿ ಅಂದರೆ ತಪ್ಪು ಒಪ್ಪಿಕೊಂಡ ಹಾಗಲ್ಲ. ಧಾರಾಳವಾಗಿ ಹೇಳಬಹುದಿತ್ತು."

ವಾಪಸ್ ಬರುವಾಗ ರೈಲಿನಲ್ಲಿ ನನಗೆ ಅಳು ಬಂತು. ನಾಚಿಕೆಗೆಟ್ಟ ಅಳು, ಎದುರಿಗಿದ್ದವರು ಮುಖ ತಿರುಗಿಸುವಂಥದ್ದು.

ಅಷ್ಟರಲ್ಲಿ ಅವರು ಮೆಲ್ಬರ್ನಿನ ಟ್ರುಗನಿನಾಗೆ ಹೋಗಿದ್ದರು. ಅಲ್ಲಿ ರೆಂಟ್ ಕಮ್ಮಿ, ಅವಳ ಗಂಡನಿಗೂ ಕೆಲಸ ಸಿಕ್ಕಿತ್ತು. ನಾನು ಹಸಿರು ಬ್ಲೌಸ್ ತೆಗೆದು ಬೆನ್ನಿನ ಹುಕ್ಕುಗಳನ್ನೆಲ್ಲ ಕಿತ್ತೆ. ಬೆನ್ನು ಮುಚ್ಚಿ ಹೊಲಿದು, ಎದೆಯ ಕಡೆ ಬಿಡಿಸಿ, ಎಡಗೈಯಲ್ಲಿ ಹಾಕಲು ಬರುವಂತೆ ದೊಡ್ಡ ಹುಕ್ಕು ಇಟ್ಟೆ. ಶನಿವಾರದ ವಿಮಾನ ಹತ್ತಿದೆ.

ಬಾಗಿಲು ತೆರೆದವಳು ಅವಳೇ. ಮೆಟ್ಟಿಲು ಒಣಗಿತ್ತು, ರಂಗೋಲಿ ಇರಲಿಲ್ಲ. ಒಳಗೆ ಕೂರಿಸಿದಳು, ಕಾಫಿ ಕೊಟ್ಟಳು. ಲೋಟವನ್ನು ಎಡಗೈಯಲ್ಲಿ ತಂದಳು.

"ಕ್ಲೇಮ್ ಹಾಕದೇ ಇದ್ರೆ ಇನ್ಶೂರೆನ್ಸ್‌ನೋರು ಏನೂ ಕೊಡಲ್ಲ ಕಣೇ. ನಿನ್ ಹೆಸರಲ್ಲಿ ಲೆಟರ್ ಬರತ್ತೆ, ಹೆದರ್ಕೋಬೇಡ, ಕೊಡೋದು ಅವರು ಅಂತ ಹೇಳೋಕೇ ಎರಡು ಸಲ ಫೋನ್ ಮಾಡಿದ್ದೆ."

"ಆ ಫೋಟೋ?"

"ಹೇಗೆ ಬಿದ್ರು ಅಂತ ಡಾಕ್ಟರ್ ಕೇಳ್ತಾರೆ ಅಂತ ತೆಗೆದ್ರು."

ಇದನ್ನು ನಾನು ಈಗಲೂ ಪೂರ್ತಿ ನಂಬಿಲ್ಲ. ಗುಣ ಎಲ್ಲಿ ಹೋಗುತ್ತದೆ.

"ಕುಂಕುಮಕ್ಕೆ ಬಂದೆ ಅಂತ ಹೇಳಿದ್ದರೆ ನಿನಗೆ ಪರಿಹಾರ ಸಿಗುತ್ತಿತ್ತಲ್ಲ ಮಾರಾಯ್ತಿ. ಬ್ಲೌಸ್ ಸುದ್ದಿ ಎಂತಕ್ಕೆ ತೆಗೆದದ್ದು?"

"ನೀನು ನಿಜ ಹೇಳಿರ್ತೀಯ ಅನ್ಕೊಂಡೆ" ಎಂದಳು. "ನನ್ ಮಾತು ಬೇರೆ ಆದ್ರೆ ನಿಂಗೆ ತೊಂದರೆ ಆಗತ್ತಲ್ಲ ಅಂತ."

ನಾನು ಸಾರಿ ಎಂದೆ. ಏಳು ತಿಂಗಳು ನುಂಗಿಟ್ಟುಕೊಂಡಿದ್ದ ಮಾತು ಅಷ್ಟು ಚಿಕ್ಕದಿತ್ತು.

"ಆವತ್ತೇ ಆಸ್ಪತ್ರೆಗೆ ಬಂದು ಅಂದಿದ್ರೆ ಸಾಕಿತ್ತು."

ಬ್ಲೌಸ್ ಹಾಕಿ ನೋಡಿದಳು. ಹುಕ್ಕುಗಳನ್ನು ಎಡಗೈಯಲ್ಲಿ ಒಂದೊಂದಾಗಿ ತಾನೇ ಹಾಕಿಕೊಂಡಳು, ಚೆನ್ನಾಗಿ ಕೂತಿದೆ ಎಂದಳು. ನಾನು ಹೊರಟು ನಿಂತಾಗ ಕುಂಕುಮದ ತಟ್ಟೆ ತಂದಳು. ಬಲಗೈ ಮೇಲೇಳದ್ದರಿಂದ ನಾನೇ ತಲೆ ಬಗ್ಗಿಸಿದೆ. ಆಮೇಲೆ ಅವಳು ಒಳಗೆ ಹೋಗಿ ಪರ್ಸ್ ತಂದು ಹೊಲಿಗೆಯ ದುಡ್ಡು ತೆಗೆದಳು. ಅದನ್ನು ತಟ್ಟೆಯ ಕೆಳಗೆ ಇಡಲಿಲ್ಲ. ನನ್ನ ಅಂಗೈ ಬಿಡಿಸಿ ಅದರೊಳಗೆ ಇಟ್ಟಳು.