ಮೀಟರಿನ ಮುಳ್ಳು

ಶಹಾಪುರದ ಬಸ್ ನಿಲ್ದಾಣದೆದುರು ಚಹಾ ಕುಡಿಯುತ್ತಿದ್ದೆ. ನನ್ನ ಕೊರಳಲ್ಲಿದ್ದ ಹಳೆಯ ರೀಲು ಕ್ಯಾಮೆರಾ ಕಂಡು ಒಬ್ಬಾತ ನೇರ ಬಂದ.

"ನಮ್ಮವ್ವ ತೀರಿಕೊಂಡಾಳ್ರಿ. ಸ್ಟುಡಿಯೋದಾಂವ ಮದಿವಿಗೆ ಹೋಗ್ಯಾನ. ಮಣ್ಣಿಗೆ ಒಯ್ಯೂದರೊಳಗ ಒಂದು ಫೋಟೋ ಹೊಡೀರಿ. ಗ್ವಾಡಿಗೆ ಹಾಕಾಕ ಮೊಬೈಲಿಂದು ಬ್ಯಾಡ. ಜೀವ ಇದ್ದಾಗ ಅವ್ವ ಫೋಟೋಕ್ಕ ಕೂತಾಕಿ ಅಲ್ಲ."

ಪಡಸಾಲೆಯಲ್ಲಿ ಮುದುಕಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳತುಂಬ ಮಲ್ಲಿಗೆ, ಹಿಂದೆ ಬಿಳಿ ಬಟ್ಟೆ. ಅಷ್ಟು ಬಿಳುಪಿದ್ದರೆ ಕ್ಯಾಮೆರಾದೊಳಗಿನ ಬೆಳಕಿನ ಮೀಟರು ಮೋಸಹೋಗುತ್ತದೆ, ಮುಖ ಕಪ್ಪಾಗಿ ಬರುತ್ತದೆ. ಮುಖದ ಹತ್ತಿರವೇ ಹಿಡಿದು ಅಳೆಯಬೇಕು. ನನ್ನ ಕೈ ಮುಂದೆ ಹೋಗಲಿಲ್ಲ.

ಮಗನಿಗೆ ಅದು ಗೊತ್ತಾಯಿತು. "ನನ್ನ ಮಕದ ಮ್ಯಾಗ ನೋಡ್ರಿ. ಇಬ್ಬರದೂ ಒಂದೇ ಬಣ್ಣ" ಎಂದು ತಾಯಿಯ ಮಗ್ಗುಲಲ್ಲಿ ಕೂತ. ಅವನ ಕೆನ್ನೆಯ ಹತ್ತಿರ ಕ್ಯಾಮೆರಾ ಹಿಡಿದೆ. ಮೀಟರಿನ ಮುಳ್ಳು ನಟ್ಟನಡುವೆ ನಿಂತಿತ್ತು; ಬೆಳಕಿನ ಲೆಕ್ಕ ಸರಿ ಎಂದರ್ಥ. ಅದೇ ಲೆಕ್ಕದಲ್ಲಿ ರೀಲು ಮುಗಿಯುವವರೆಗೂ ಮುದುಕಿಯ ಫೋಟೋ ತೆಗೆದೆ.

"ಹೆಂಗ ಬಂದದ, ತೋರಸ್ರಿ."

"ರೀಲು ತೊಳೆಸಬೇಕು. ಆಮೇಲೆ ಕಳಿಸುತ್ತೇನೆ."

"ಆಗ್ಲಿ ಬಿಡ್ರಿ. ಅಪ್ಪನ ಫೋಟೋದ ಮಗ್ಗಲಕ್ಕ ಮೊಳಿ ಹೊಡದೀನಿ."

ಮಣ್ಣು ಮುಗಿದ ಮೇಲೆ ಸುರಪುರದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು, ಸುಮ್ಮನೆ, ಮೀಟರಿನ ಕಿಂಡಿಯನ್ನು ಅಂಗೈಯಿಂದ ಮುಚ್ಚಿದೆ. ಬೆಳಕು ತಪ್ಪಿದರೆ ಮುಳ್ಳು ಕೆಳಗೆ ಬೀಳಬೇಕು. ಅದು ನಟ್ಟನಡುವೆಯೇ ನಿಂತಿತ್ತು.