ಮಾವನವರು ತಿಂದ ಬೋಂಡ

ಮುಳಬಾಗಿಲಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ನಮ್ಮ ಮಾವನವರದೊಂದು ಸಣ್ಣ ಹೋಟೆಲು ಇತ್ತು. ಯಲ್ದೂರಿನಿಂದ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಯುದ್ಧ ಶುರುವಾಗಿ ಕೆಲವು ಕಾಲವಾಗಿತ್ತು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡುತ್ತಿದ್ದವು. ಹಿಂದೆ ಕಟ್ಟಿದ ಕೊಳವೆಗೆ ಇದ್ದಿಲು ತುಂಬಿ ಅದು ಚೆನ್ನಾಗಿ ಹೊತ್ತಿಕೊಳ್ಳುವವರೆಗೆ ಜನ ಕಾಯಬೇಕಿತ್ತು. ಆ ಹೊತ್ತಿನಲ್ಲಿ ಅವರೆಲ್ಲ ರಸ್ತೆ ದಾಟಿ ನಮ್ಮಲ್ಲಿಗೆ ಬಂದು ಬಿಸಿ ಬೋಂಡ ತಿನ್ನುತ್ತಿದ್ದರು.

ಮಾವನವರು ಮುಂದೆ ಕೂರುತ್ತಿದ್ದರು. ಹಿಂದಿನ ಅಡುಗೆಮನೆಯಲ್ಲಿ ಅತ್ತೆ ಹಿಟ್ಟು ಕಲಸಿಕೊಟ್ಟರೆ ಕರಿಯುವುದು ನನ್ನ ಕೆಲಸ. ನಡುವೆ ಒಂದು ಗೋಣಿತಾಟಿನ ಪರದೆ. ಆ ಕಾಲದಲ್ಲಿ ಸೊಸೆ ಮಾವನ ಎದುರಿಗೆ ನಿಂತು ಮಾತಾಡುವುದಿರಲಿಲ್ಲ. ಮದುವೆಯಾಗಿ ಎರಡು ವರ್ಷವಾಗಿದ್ದರೂ ನಾನು ಅವರೊಂದಿಗೆ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ತಟ್ಟೆ ತುಂಬಿಸಿ ಪರದೆಯ ಕೆಳಗಿನಿಂದ ತಳ್ಳುತ್ತಿದ್ದೆ, ಅವರು ಎತ್ತಿಕೊಳ್ಳುತ್ತಿದ್ದರು.

ಎಣ್ಣೆಯ ವಿಷಯದಲ್ಲಿ ಅವರದು ಹಟ. ಊರಿನ ಗಾಣದಲ್ಲಿ ಆಡಿಸಿದ ಕಡಲೆಕಾಯಿ ಎಣ್ಣೆ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಒಂದು ದಿನ ಕಾದ ಎಣ್ಣೆಯನ್ನು ಮಾರನೆಯ ದಿನ ಬಾಣಲೆಗೆ ಹಾಕಲು ಬಿಡುತ್ತಿರಲಿಲ್ಲ. ತಳದಲ್ಲಿ ಉಳಿದದ್ದನ್ನು ಗಾಡಿಯವರು ಅಚ್ಚಿಗೆ ಸವರಲು ಒಯ್ಯುತ್ತಿದ್ದರು. ಪಕ್ಕದ ಹೋಟೆಲಿನವರು ವಾರಗಟ್ಟಲೆ ಅದೇ ಎಣ್ಣೆ ಕಾಯಿಸಿ ಕಪ್ಪು ಮಾಡಿ, ನಮ್ಮವರನ್ನು ನೋಡಿ ನಗುತ್ತಿದ್ದರು. ಮಾವನವರು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. "ತಿನ್ನೋರು ನಮ್ಮನ್ನ ನಂಬಿ ಬಾಯಿಗಿಟ್ಕೊಳ್ತಾರೆ ಕಣೋ" ಎಂದು ನನ್ನ ಗಂಡನಿಗೆ ಹೇಳುವುದು ಒಳಗೆ ನನಗೂ ಕೇಳಿಸುತ್ತಿತ್ತು.

ಮೂರನೆಯ ವರ್ಷ ಗಾಣ ನಿಂತುಹೋಯಿತು. ಸುತ್ತಮುತ್ತಲ ಕಡಲೆಕಾಯಿಯನ್ನೆಲ್ಲ ದೊಡ್ಡ ವ್ಯಾಪಾರಿಗಳು ಹೊಲದಲ್ಲೇ ಕೊಂಡು ಸಾಗಿಸಿಬಿಟ್ಟರು. ಗಾಣದವನು ಬಂದು, "ಆಡಿಸೋಕೆ ಕಾಳೇ ಇಲ್ಲ ಸಾಮಿ, ಎತ್ತನ್ನೂ ಮಾರ್ಬಿಟ್ಟೆ" ಎಂದು ಕೈಚೆಲ್ಲಿ ಹೋದ. ನಾಲ್ಕು ದಿನ ನಾವು ಒಲೆ ಹಚ್ಚಲಿಲ್ಲ. ಐದನೆಯ ದಿನ ನನ್ನ ಗಂಡ ನಂಗಲಿಯ ಕಡೆ ಹೋಗಿ, ಗಡಿಯಾಚೆಯಿಂದ ಬಂದ ಲಾರಿಯವನೊಬ್ಬನಿಂದ ಎರಡು ಡಬ್ಬ ಎಣ್ಣೆ ತಂದರು.

ಮಾವನವರು ಡಬ್ಬದ ಬಾಯಿ ತೆಗೆಸಿ ಮೂಸಿದರು. ಅಂಗೈಗೆ ಹಾಕಿಕೊಂಡು ತಿಕ್ಕಿದರು. ನಾಲಿಗೆಗೆ ಹಚ್ಚಿಕೊಂಡರು.

"ಸ್ವಲ್ಪ ಕಂದು ಬಣ್ಣ ಇದೆಯಲ್ಲಾ?"

"ಮಿಲ್ಲಿನ ಎಣ್ಣೆ ಹಂಗೇ ಇರುತ್ತಂತೆ. ಮಂಚಿ ನೂನೆ, ಒಳ್ಳೇ ಎಣ್ಣೆ ಅಂತ ಆಣೆ ಇಟ್ಟು ಕೊಟ್ಟ" ಎಂದರು ನನ್ನ ಗಂಡ.

ಮಾವನವರು ಇನ್ನೊಂದು ಸಲ ನೋಡಿ ಒಳಗೆ ಇಡಿಸಿದರು. ಅವರ ಜಾಗದಲ್ಲಿ ಯಾರಿದ್ದರೂ ಅಷ್ಟೇ ಮಾಡುತ್ತಿದ್ದರು ಎಂದು ಈಗಲೂ ನನಗೆ ಅನ್ನಿಸುತ್ತದೆ. ಬಾಣಲೆಯ ಮುಂದೆ ಕೂತ ನನಗೆ ಮಾತ್ರ ಮೊದಲ ದಿನವೇ ಆ ಹೊಗೆ ಬೇರೆ ಎನ್ನಿಸಿತು. ಕಡಲೆಕಾಯಿಯ ವಾಸನೆ ಇತ್ತು, ಅದರ ಹಿಂದೆ ಇನ್ನೇನೋ ಇತ್ತು. ಅತ್ತೆಗೆ ಹೇಳಿದೆ.

"ಬಸುರಿಗೆ ಎಲ್ಲ ವಾಸನೆಯೂ ಬೇರೇನೇ. ಸುಮ್ನೆ ಕರಿ" ಎಂದರು ಅತ್ತೆ.

ನನಗಾಗ ಐದು ತಿಂಗಳು. ಎಣ್ಣೆಯ ಹೊಗೆಗೇ ಹೊಟ್ಟೆ ತೊಳಸುತ್ತಿದ್ದುದರಿಂದ ಕರಿದದ್ದನ್ನು ನಾನು ಬಾಯಿಗೆ ಹಾಕುತ್ತಿರಲಿಲ್ಲ. ಮುದ್ದೆ, ಬಸ್ಸಾರು, ಅಷ್ಟೇ. ಆದರೆ ಸಾರಿನ ಒಗ್ಗರಣೆಗೂ ಅದೇ ಎಣ್ಣೆ. ಎರಡನೆಯ ಡಬ್ಬ ಒಡೆಯುವ ಹೊತ್ತಿಗೆ ನನ್ನ ಪಾದಗಳು ಊದಿಕೊಂಡವು. ಬಸುರಿಯ ಕಾಲು ಊದುವುದು ಸಹಜ ಎಂದು ಯಾರೂ ಗಮನಿಸಲಿಲ್ಲ. ಆಮೇಲೊಂದು ಬೆಳಗ್ಗೆ ಅತ್ತೆ ಹಿಟ್ಟು ಕಲಸುತ್ತಾ ಕಾಲು ಚಾಚಿ, ಮೊಳಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

"ಇದೇನೇ ಇದು, ನಾನೂ ಬಸುರಿಯಾದ್ನಾ?" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಬಸ್ಸಿನಿಂದ ಇಳಿದವರನ್ನು ಊರೊಳಗೆ ಕರೆದೊಯ್ಯುವ ಜಟಕಾದವನೊಬ್ಬ ನಮ್ಮ ಹಳೆಯ ಗಿರಾಕಿ. ದಿನವೂ ತಿಂದು, ಮನೆಗೂ ಕಟ್ಟಿಸಿಕೊಂಡು ಹೋಗುತ್ತಿದ್ದ. ಅವನು ಒಂದು ವಾರ ಬರಲಿಲ್ಲ. ಎಂಟನೆಯ ದಿನ ಅವನ ಹೆಂಡತಿ ಬಂದು ಹೋಟೆಲಿನ ಮುಂದೆ ನಿಂತಳು. ಬಸ್ಸಿನ ಜನವೆಲ್ಲ ತುಂಬಿದ್ದರು.

"ನನ್ನ ಗಂಡ ಊದ್ಕೊಂಡು ಮಲಗವ್ನೆ. ಉಸಿರು ಎಳೆಯೋಕಾಗ್ತಿಲ್ಲ. ನಿಮ್ಮ ಎಣ್ಣೇಲಿ ಏನೈತೆ ಹೇಳಿ ಸಾಮಿ!"

ಪರದೆಯ ಸಂದಿನಿಂದ ನೋಡಿದೆ. ತಿನ್ನುತ್ತಿದ್ದವರು ತಟ್ಟೆ ಕೆಳಗಿಟ್ಟರು. ಮಾವನವರ ಮುಖ ಕೆಂಪಾಯಿತು. ಅವರು ಅಲ್ಲೇ ಇದ್ದ ತಟ್ಟೆಯಿಂದ ಬೋಂಡ ಎತ್ತಿಕೊಂಡು ಎಲ್ಲರೂ ನೋಡುವಂತೆ ಒಂದಾದ ಮೇಲೊಂದು ನಾಲ್ಕು ತಿಂದರು.

"ನಾವು ಮನೆಯವರೆಲ್ಲ ಇದೇ ತಿಂತೀವಿ. ವಿಷ ಇದ್ರೆ ಮೊದ್ಲು ನಾವು ಸಾಯ್ತೀವಿ" ಎಂದರು.

ಅಂದಿನಿಂದ ಅದು ನಿತ್ಯದ ಕೆಲಸವಾಯಿತು. ಬೆಳಗಿನ ಮೊದಲ ಬಸ್ಸು ನಿಂತ ಕೂಡಲೇ ಅವರು ಬೀದಿಗೆ ಬೆಂಚು ಎಳೆದು ಕೂತು ಒಂದು ತಟ್ಟೆ ಬೋಂಡ ತಿನ್ನುವರು. ಅದನ್ನು ನೋಡಿ ಜನ ಮತ್ತೆ ಬರತೊಡಗಿದರು. ತಟ್ಟೆ ತುಂಬಿಸಿ ಪರದೆಯಡಿಯಲ್ಲಿ ತಳ್ಳುತ್ತಿದ್ದವಳು ನಾನೇ. ಅವರ ಪಾದ ಮಾತ್ರ ನನಗೆ ಕಾಣುತ್ತಿತ್ತು. ಮೊದಲು ಚಪ್ಪಲಿಯ ಪಟ್ಟಿ ಮಾಂಸದಲ್ಲಿ ಹೂತಿತು. ಆಮೇಲೆ ಚಪ್ಪಲಿ ಹಿಡಿಸದೆ ಬರಿಗಾಲಲ್ಲಿ ಬಂದರು. ಚರ್ಮ ಕೆಂಪಗೆ ಬಿಗಿದು ಹೊಳೆಯುತ್ತಿತ್ತು.

ಅತ್ತೆಯ ಹತ್ತಿರ ಹೇಳಿಕೊಂಡು ಕಣ್ಣೀರಿಟ್ಟೆ. "ನಾನು ಹೇಳಿದ್ರೆ ಕೇಳ್ತಾರೇನೇ? ಅವರಿಗೆ ಮರ್ಯಾದೆ ಪ್ರಶ್ನೆ" ಎಂದು ಅವರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡನಿಗೆ ಹೇಳಿದರೆ ಅವರು ಎದ್ದು ಹೊರಗೆ ಹೋದರು. ಎಣ್ಣೆ ತಂದವರು ಅವರೇ ಅಲ್ಲವೇ.

ಮಾರನೆಯ ದಿನ ತಟ್ಟೆ ತುಂಬಿಸಿದೆ, ತಳ್ಳಲಿಲ್ಲ. ಪರದೆ ಸರಿಸಿ ಮಾವನವರ ಎದುರಿಗೇ ಬಂದು ನಿಂತೆ.

"ತಿನ್ಬೇಡಿ ಮಾವ."

ಅವರು ಬೆಚ್ಚಿ ನೋಡಿದರು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಉಸಿರಿಗಾಗಿ ಎರಡು ಸಲ ತಡೆದು, "ನಾನು ತಿನ್ನದಿದ್ರೆ ಅವರ್ಯಾರೂ ತಿನ್ನಲ್ವಲ್ಲಮ್ಮಾ" ಎಂದರು.

ಆ ಮಾತಿನ ಅರ್ಥ ಆಡಿದವರಿಗೇ ಆಗ ಹೊಳೆದಿರಬೇಕು. ತಟ್ಟೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ರಸ್ತೆಯಾಚೆ ಬಸ್ಸಿನಿಂದ ಇಳಿಯುತ್ತಿದ್ದ ಜನರನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಒಳಗೆ ಬಂದು ಒಲೆಗೆ ನೀರು ಸುರಿದರು. ಆ ದಿನ ಹೋಟೆಲಿನ ಬಾಗಿಲು ಹಾಕಿದೆವು.

ಮಧ್ಯಾಹ್ನ ಅವರನ್ನು ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಕಾಲು ಒತ್ತಿ ನೋಡಿ, ಏನನ್ನೂ ಕೇಳುವ ಮುಂಚೆ, "ಅಡುಗೆಗೆ ಯಾವ ಎಣ್ಣೆ?" ಎಂದರು. ನಂಗಲಿ ರಸ್ತೆಯ ಹಳ್ಳಿಗಳಿಂದ ಇಂಥವರು ಆಗಲೇ ಕೆಲವರು ಬಂದಿದ್ದರಂತೆ. ಡಬ್ಬದಿಂದ ಒಂದು ಸೀಸೆ ಎಣ್ಣೆ ತರಿಸಿಕೊಂಡು, ಗಾಜಿನ ಕೊಳವೆಗೆ ಸ್ವಲ್ಪ ಹಾಕಿ, ಮೇಲೆ ಆಸಿಡ್ ಬಿಟ್ಟು ಅಲ್ಲಾಡಿಸಿದರು. ತಳದಲ್ಲಿ ಕುಂಕುಮ ಕದಡಿದ ಹಾಗೆ ಕೆಂಪಾಯಿತು.

"ಕೆರೆ ಏರಿ ಮೇಲೆ ಹಳದಿ ಹೂವಿನ ಮುಳ್ಳುಗಿಡ ಬೆಳೆಯುತ್ತಲ್ಲ, ಅದರ ಬೀಜದ ಎಣ್ಣೆ ಬೆರೆಸಿದ್ದಾರೆ. ಬೀಜ ನೋಡೋಕೆ ಸಾಸಿವೆ ಥರ ಇರುತ್ತೆ. ಹೊಟ್ಟೆಗೆ ಹೋದ್ರೆ ಎದೆ ಹಿಡಿಯುತ್ತೆ" ಎಂದರು.

ಆ ಗಿಡ ನನಗೆ ಗೊತ್ತಿತ್ತು. ಅದರ ಎಣ್ಣೆಯನ್ನು ನಮ್ಮೂರಿನಲ್ಲಿ ತುರಿಕಜ್ಜಿಗೆ ಹಚ್ಚುತ್ತಿದ್ದರು. ಮಾವನವರು ಆ ಕೊಳವೆಯನ್ನು ತಮ್ಮ ಕೈಗೆ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. "ಜಟಕಾದವನು ಹೇಗಿದ್ದಾನೆ?" ಎಂದು ಕೇಳಿದರು. ನನ್ನ ಗಂಡ ತಲೆ ತಗ್ಗಿಸಿದರು. ಅವನು ಹಿಂದಿನ ದಿನವೇ ತೀರಿಕೊಂಡಿದ್ದ. ನಮ್ಮವರು ಅದನ್ನು ಅಪ್ಪನಿಗೆ ಹೇಳಿರಲಿಲ್ಲ.

ಹಾಸಿಗೆ ಹಿಡಿಯಬೇಕಾದ ಮಾವನವರು ಆಸ್ಪತ್ರೆಯಿಂದ ಹೊರಟಾಗ ಗಾಡಿಯನ್ನು ಜಟಕಾದವನ ಮನೆಯ ಕಡೆ ತಿರುಗಿಸಿ ಎಂದರು. ಅತ್ತೆ ಅತ್ತು ಬೇಡಿಕೊಂಡರೂ ಕೇಳಲಿಲ್ಲ. ಮನೆಯ ಮುಂದೆ ಗಾಡಿ ನಿಂತಾಗ ಇಳಿದು, ಜಗುಲಿ ಹತ್ತಲಾರದೆ ಬಾಗಿಲ ಮುಂದೆ ನೆಲದಲ್ಲೇ ಕೂತರು. ಕುದುರೆ ಲಾಯದಲ್ಲಿ ಕಟ್ಟಿತ್ತು. ಆ ಹೆಂಗಸು ಹೊರಗೆ ಬಂದಳು. ಬಯ್ಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ನಾನು ಸೆರಗು ಬಿಗಿ ಹಿಡಿದಿದ್ದೆ.

ಮಾವನವರು ಎರಡೂ ಕೈ ಜೋಡಿಸಿದರು. "ನಂಗೆ ಗೊತ್ತಿರ್ಲಿಲ್ಲ ತಾಯಿ. ಆದ್ರೂ ನನ್ನ ಕೈಯಿಂದ್ಲೇ ಆಯ್ತು" ಎಂದರು.

ಅವಳು ಅವರ ಕಾಲುಗಳನ್ನು ನೋಡಿದಳು. ತನ್ನ ಗಂಡನ ಕಾಲನ್ನು ಅಷ್ಟು ದಿನ ನೋಡಿದವಳಿಗೆ ಬೇರೆ ಹೇಳಬೇಕಾಗಿರಲಿಲ್ಲ. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟಳು.

"ಕಡೇ ದಿನ ಬಂದಾಗ ನೀವು ಎರಡು ಬೋಂಡ ಜಾಸ್ತಿ ಹಾಕ್ಕೊಟ್ರಂತೆ ಸಾಮಿ. ನಮ್ಮ ಸಾಮಿ ಒಳ್ಳೇವ್ರು ಅಂತ ಹೇಳ್ಕೊಂಡು ತಿಂದ" ಎಂದಳು.

ಅವಳು ಚುಚ್ಚಲು ಹೇಳಿದ ಮಾತಲ್ಲ ಅದು. ಮಾವನವರು ನೀರನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಉಳಿದ ಎಣ್ಣೆಯನ್ನು ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿಸಿ ಸುರಿಸಿದರು. ಒಬ್ಬರಿಗೂ ಮಾರಬಾರದು, ದೀಪಕ್ಕೂ ಕೊಡಬಾರದು ಎಂದರು. ನನ್ನ ಗಂಡ ನಂಗಲಿಗೆ ಹೋಗಿ ಎಂಟು ದಿನ ರಸ್ತೆಯಲ್ಲಿ ಕಾದರು. ಆ ಲಾರಿಯವನು ಸಿಗಲಿಲ್ಲ, ಅಂಥವನೊಬ್ಬ ಇದ್ದನೆಂದು ಒಪ್ಪುವವರೂ ಸಿಗಲಿಲ್ಲ. ಅವರು ಬರಿಗೈಯಲ್ಲಿ ವಾಪಸು ಬಂದ ದಿನ ಮಾವನವರು ಗೋಡೆಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. "ಬಿಡ್ಲಾ, ಅವನನ್ನ ಹುಡುಕಿ ಏನಾಗ್ಬೇಕು" ಎಂದರು ಮಗನಿಗೆ. ಎರಡು ದಿನದ ಮೇಲೆ, ಊಟದ ಹೊತ್ತಿನಲ್ಲಿ, ಕೂತ ಹಾಗೇ ಪ್ರಾಣ ಬಿಟ್ಟರು.

ಅತ್ತೆಯ ಊತ ಇಳಿಯಲು ತಿಂಗಳುಗಳೇ ಹಿಡಿದವು. ನನಗೆ ದಿನ ತುಂಬುವ ಮೊದಲೇ ಹೆಣ್ಣುಮಗು ಹುಟ್ಟಿತು, ಅಂಗೈಯಗಲ. ಬದುಕುವುದಿಲ್ಲ ಎಂದರು, ಬದುಕಿತು. ಅಪ್ಪನನ್ನು ತಾನೇ ಕೊಂದೆ ಎಂಬುದು ನನ್ನ ಗಂಡನ ಮನಸ್ಸಿನಿಂದ ಹೋಗಲಿಲ್ಲ. ಬಾಯಿಬಿಟ್ಟು ಅವರು ಅದನ್ನು ಹೇಳಲಿಲ್ಲ, ನಾನೂ ಅಲ್ಲವೆಂದು ಸಮಾಧಾನ ಹೇಳಲಿಲ್ಲ. ಹೇಳಬೇಕಿತ್ತು. ಹೊಗೆಯ ವಾಸನೆ ಮೊದಲು ಗೊತ್ತಾದವಳು ನಾನು, ಬಾಯಿ ತೆರೆಯಲು ಅಷ್ಟು ದಿನ ತೆಗೆದುಕೊಂಡವಳೂ ನಾನೇ.

ಹೋಟೆಲಿನ ಜಾಗವನ್ನು ಒಬ್ಬ ದರ್ಜಿ ಹಿಡಿದ. ನಾವು ಮಾಲೂರಿಗೆ ಹೋದೆವು. ಅಲ್ಲಿ ನನ್ನ ಗಂಡ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕೆ ಸೇರಿದರು. ಅತ್ತೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಿದ್ದರು. ಅಲ್ಲಿನ ಯಾರಿಗೂ ನಾವು ಮೊದಲು ಏನು ಮಾಡಿಕೊಂಡಿದ್ದೆವು ಎಂದು ಹೇಳಲಿಲ್ಲ.